ಅನುಮಾನ ಬಂದರೆ ಶ್ರದ್ಧೆ ಹೋಯಿತೇ?

ಪ್ರಶ್ನೆ: ಪತ್ನಿ ತೀರಿಕೊಂಡು ಐದು ತಿಂಗಳಾಯಿತು. ಮಕ್ಕಳಿಲ್ಲ, ಮಾಸಿಕಗಳನ್ನು ನಾನೇ ಮಾಡುತ್ತಿದ್ದೇನೆ. ಮನಸ್ಸಿನ ತುಂಬ ದೇವರ ಮೇಲೆ ಸಿಟ್ಟು, ಅನುಮಾನ. ಕ್ರೈಸ್ತ ಸ್ನೇಹಿತರೊಬ್ಬರು ಸಿ. ಎಸ್. ಲೂಯಿಸ್ ಬರೆದ ‘ಎ ಗ್ರೀಫ್ ಅಬ್ಸರ್ವ್ಡ್’ ಪುಸ್ತಕ ಕೊಟ್ಟರು. ಅದರಲ್ಲೂ ಇದೇ ಸಿಟ್ಟು! ಇಂಥವರನ್ನು ಭಕ್ತರೆನ್ನಬಹುದೇ? ಈ ಮನಸ್ಸಿನಲ್ಲಿ ಮಾಡಿದ ಮಾಸಿಕಕ್ಕೆ ಫಲವಿದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಲೂಯಿಸ್ ಮೊದಲು ನಾಸ್ತಿಕರಾಗಿದ್ದವರು, ವಿಚಾರ ಮಾಡಿ ಕ್ರೈಸ್ತರಾದವರು. ದೇವರಿದ್ದೂ ಲೋಕದಲ್ಲಿ ನೋವೇಕೆ ಎಂಬುದಕ್ಕೆ 1940ರಲ್ಲೇ ಒಂದು ಪುಸ್ತಕ ಬರೆದು ಊರಿಗೆಲ್ಲ ಸಮಾಧಾನ ಹೇಳಿದ್ದರು. 1960ರ ಜುಲೈ 13ರಂದು ಪತ್ನಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಾಗ ಆ ಸಮಾಧಾನ ಅವರಿಗೇ ಸಾಲಲಿಲ್ಲ. ಆಗ ಬರೆದುಕೊಂಡ ಟಿಪ್ಪಣಿಗಳೇ 1961ರಲ್ಲಿ ಬೇರೆ ಹೆಸರಿನಲ್ಲಿ ಅಚ್ಚಾದ ಈ ಪುಸ್ತಕ. ದೇವರಿಲ್ಲವೇನೋ ಎಂಬುದಕ್ಕಿಂತ, ಇದ್ದೂ ಕ್ರೂರಿಯೇನೋ ಎಂಬುದೇ ಅವರ ಭಯ. ಆದರೆ ನೋಡಿ, ಆ ಜಗಳವೆಲ್ಲ ದೇವರ ಜೊತೆಗೇ. ಬಿಟ್ಟು ಹೋದವನು ಜಗಳ ಆಡುವುದಿಲ್ಲ. ಕೊನೆಯಲ್ಲೂ ಅವರಿಗೆ ಉತ್ತರ ಸಿಗಲಿಲ್ಲ. ಆದರೆ ಮುಚ್ಚಿದ ಬಾಗಿಲು ಎನಿಸಿದ್ದ ಮೌನ ಮೆಲ್ಲಗೆ ಮೆತ್ತಗಾಯಿತು. 1963ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರೈಸ್ತ ಭಕ್ತರಾಗಿಯೇ ಉಳಿದರು.

ಇದು ಅವರ ಧರ್ಮಕ್ಕೆ ಹೊರತಾದುದಲ್ಲ. ಬೈಬಲಿನಲ್ಲಿ ಯೋಬನ ಕಥೆಯಿದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬ ದೇವರನ್ನೇ ಪ್ರಶ್ನಿಸುತ್ತಾನೆ. ಸ್ನೇಹಿತರು ದೇವರ ಪರ ವಹಿಸಿ, ‘ನೀನೇ ಏನೋ ಪಾಪ ಮಾಡಿರಬೇಕು’ ಅನ್ನುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಆ ಸ್ನೇಹಿತರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಅನ್ನುತ್ತಾನೆ. ದುಃಖದ ಮನೆಗೆ ಹೋಗಿ ‘ಎಲ್ಲಾ ಪೂರ್ವಕರ್ಮ’ ಅಂತ ಉಪದೇಶ ಮಾಡುವ ನಮ್ಮವರೂ ಇದನ್ನು ಕೇಳಿಸಿಕೊಳ್ಳಬೇಕು.

ಇನ್ನು ನಿಮ್ಮ ಮಾಸಿಕ. ಶ್ರದ್ಧೆಯಿಂದ ಮಾಡುವುದು ಶ್ರಾದ್ಧ, ಸರಿ. ಆದರೆ ಶ್ರದ್ಧೆ ಅಂದರೆ ಅನುಮಾನವೇ ಬಾರದಿರುವುದು ಅಂತಲ್ಲ. ಶ್ರದ್ಧೆ ಹೊಕ್ಕಿತು ಎಂದು ಕಠೋಪನಿಷತ್ತು ಹೇಳುವುದು ನಚಿಕೇತನ ವಿಷಯದಲ್ಲಿ. ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂಬ ಅನುಮಾನವನ್ನು ಯಮನ ಮುಂದೆಯೇ ಇಟ್ಟವನೂ ಅವನೇ. ಯಮ ಆಸೆ ತೋರಿಸಿದರೂ ಪ್ರಶ್ನೆ ಬಿಡಲಿಲ್ಲ, ಎದ್ದೂ ಹೋಗಲಿಲ್ಲ. ಅದೇ ಶ್ರದ್ಧೆ.

ಆದ್ದರಿಂದ ಮಾಸಿಕ ಬಿಡಬೇಡಿ. ಇಲ್ಲದ ಭಕ್ತಿಯನ್ನು ನಟಿಸಲೂ ಬೇಡಿ. ಸಂಕಲ್ಪದಲ್ಲಿ ಆಕೆಯ ಹೆಸರು ಹೇಳುವಾಗ ಗಂಟಲು ಕಟ್ಟಿದರೆ ನಿಲ್ಲಿಸಿ, ಸುಧಾರಿಸಿಕೊಂಡು ಮುಂದುವರಿಸಿ; ಪುರೋಹಿತರು ಕಾಯುತ್ತಾರೆ. ಕರ್ಮ ಮುಗಿದ ಮೇಲೆ ದೇವರ ಮುಂದೆ ಕೂತು ಕೇಳಬೇಕೆನಿಸಿದ್ದನ್ನು ಕನ್ನಡದಲ್ಲೇ ಕೇಳಿ. ಅದರಿಂದ ದೋಷವಿಲ್ಲ. ಎಳ್ಳುನೀರು ಬಿಡಲು ಐದು ತಿಂಗಳಿಂದ ತಪ್ಪದೆ ಕೂರುತ್ತಿದ್ದೀರಲ್ಲ, ನಿಮ್ಮ ಶ್ರದ್ಧೆಗೆ ಬೇರೆ ಸಾಕ್ಷಿ ಬೇಕಿಲ್ಲ.

ಆಕೆಗೆ ಸದ್ಗತಿಯಾಗಲಿ. ನಿಮಗೆ ಶಾಂತಿ ಸಿಗಲಿ.