ಕಲಹವೂ ಕಾರ್ಯವೂ

ಹಲವರು ಕೂಡಿ ದುಡಿಯುವೆಡೆಯಲ್ಲಿ ಕಲಹವು ಹುಟ್ಟುವುದು ಸಹಜವಷ್ಟೆ. ಅದರಿಂದ ಕಾರ್ಯವು ಕೆಡುವುದೆಂಬುದೂ ಎಲ್ಲರೂ ಬಲ್ಲ ಮಾತೇ. ಆದರೆ ಕಾರ್ಯವನ್ನು ಕೆಡಿಸುವುದು ಕಲಹವೋ, ಅದನ್ನು ಶಮನಗೊಳಿಸಹೊರಟ ರೀತಿಯೋ ಎಂಬುದು ವಿಚಾರಾರ್ಹವಾದುದು.

ಮಹಾಭಾರತದ ಉದ್ಯೋಗಪರ್ವವನ್ನು ವಾಚಕರು ನೆನೆಯಬೇಕು. ರಥಿಕರನ್ನು ಗಣಿಸುವಾಗ ಭೀಷ್ಮನು ಕರ್ಣನನ್ನು ಎಲ್ಲರೆದುರಿಗೆ ಅರ್ಧರಥನೆಂದನು, ದ್ರೋಣನೂ ತಲೆದೂಗಿದನು. ಕರ್ಣನು ಕೆರಳಿ, ಭೀಷ್ಮನು ಜೀವಿಸಿರುವವರೆಗೆ ತಾನು ಯುದ್ಧಮಾಡೆನೆಂದನು. ಆಗ ದುರ್ಯೋಧನನು ಸುಮ್ಮನಿದ್ದನೆಂದು ಕೆಲವರು ತಿಳಿದಿರುವರು; ಹಾಗಲ್ಲ. ಮಹತ್ಕಾರ್ಯವು ಒದಗಿರುವುದರಿಂದ ತನ್ನ ಶ್ರೇಯಸ್ಸನ್ನೇ ಮೊದಲು ಚಿಂತಿಸಬೇಕೆಂದು ಅವನು ಭೀಷ್ಮನನ್ನು ಬೇಡಿ, ಒಡನೆಯೇ ಪಾಂಡವರ ಬಲಾಬಲವನ್ನು ಕೇಳತೊಡಗಿದನು. ಕರ್ಣನಿಗಾದ ನೋವೇನು, ಭೀಷ್ಮನ ಮಾತಿನ ಉದ್ದೇಶವೇನು ಎಂದು ವಿಚಾರಿಸಲೇ ಇಲ್ಲ. ಹತ್ತು ದಿನಗಳ ಯುದ್ಧವು ಕರ್ಣನಿಲ್ಲದೆ ನಡೆಯಿತು. ಮುಂದೆ ಶರಶಯ್ಯೆಯ ಬಳಿಗೆ ಅವನು ಬಂದಾಗ, ಅವನ ತೇಜಸ್ಸನ್ನು ಕುಗ್ಗಿಸಲೆಂದೇ ತಾನು ಕಠಿಣವಾಗಿ ನುಡಿದೆನೆಂದು ಭೀಷ್ಮನು ಒಪ್ಪಿ, ಅವನ ಪರಾಕ್ರಮವನ್ನು ಕೊಂಡಾಡುವನು. ಈ ಸಂಭಾಷಣೆಯು ಯುದ್ಧಾರಂಭಕ್ಕೆ ಮುನ್ನವೇ ಆಗಿದ್ದರೆ! ಆಗದಿದ್ದುದು ಪಾಂಡವರ ಪುಣ್ಯವೆನ್ನಬೇಕು.

ಅಮೆರಿಕೆಯ ಮೇರಿ ಪಾರ್ಕರ್ ಫಾಲೆಟ್ ಎಂಬ ವಿದುಷಿಯು (1868–1933) ಈ ವಿಷಯದಲ್ಲಿ ಒಂದು ಸಣ್ಣ ದೃಷ್ಟಾಂತವನ್ನು ಕೊಡುವಳು. ಹಾರ್ವರ್ಡಿನ ಗ್ರಂಥಾಲಯದ ಕೊಠಡಿಯೊಂದರಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಈಕೆಗೆ ಮುಚ್ಚಿರಬೇಕು. ಕಡೆಗೆ, ಯಾರೂ ಇಲ್ಲದ ಪಕ್ಕದ ಕೊಠಡಿಯ ಕಿಟಕಿಯನ್ನು ತೆರೆದರು. ಒಬ್ಬರಿಗೆ ಬೇಕಾದುದು ಗಾಳಿ. ಈಕೆಗೆ ಬೇಡವಾದುದು ಮೈಮೇಲೆ ನೇರವಾಗಿ ಬೀಸುವ ಬಡಗಣ ಗಾಳಿ. ಯಾರೂ ಸೋಲಲಿಲ್ಲ, ಯಾರೂ ಅರ್ಧವನ್ನು ಬಿಟ್ಟುಕೊಡಲಿಲ್ಲ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ದುರ್ಯೋಧನನ ದಾರಿಯನ್ನೇ ಹಿಡಿದೆನು. ಕನ್ನಡ ಪಂಡಿತರಿಗೂ ಸಂಸ್ಕೃತ ಪಂಡಿತರಿಗೂ ಬೆಳಗಿನ ಮೊದಲ ಅವಧಿಗಾಗಿ ಮನಸ್ತಾಪವುಂಟಾಯಿತು. ಪರೀಕ್ಷೆ ಹತ್ತಿರವಿದೆ, ಮಕ್ಕಳ ಮುಖ ನೋಡಿರೆಂದು ಹೇಳಿ ನಾನು ಕೈತೊಳೆದುಕೊಂಡೆನು. ಇಬ್ಬರೂ ಒಂದು ದಿನವೂ ಪಾಠ ತಪ್ಪಿಸಲಿಲ್ಲ. ಪರಸ್ಪರ ಮಾತನ್ನು ಮಾತ್ರ ಬಿಟ್ಟರು. ಸಂಧಿಪ್ರಕರಣವನ್ನು ಇನ್ನೊಬ್ಬರು ಹೇಳಿಕೊಟ್ಟಿರುವರೆಂದು ಇಬ್ಬರೂ ಕೈಬಿಟ್ಟರು. ವರ್ಷಾಂತ್ಯದ ಉತ್ತರಪತ್ರಿಕೆಗಳಲ್ಲಿ ಸವರ್ಣದೀರ್ಘವು ಗುಣಸಂಧಿಯಾದುದನ್ನು ಕಂಡಾಗಲೇ ನನಗೆ ಎಚ್ಚರವಾಯಿತು.

ಬಳಿಕ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದೆನು. ಒಬ್ಬರಿಗೆ ಬೇಕಾದುದು ಬೆಳಗಿನ ಹೊತ್ತಿನ ಮಕ್ಕಳ ಚುರುಕುಬುದ್ಧಿ. ಇನ್ನೊಬ್ಬರಿಗೆ ಮೊದಲ ಅವಧಿಯೇ ಬೇಕೆಂದಿರಲಿಲ್ಲ. ಕೊನೆಯದು ಬೇಡವಾಗಿತ್ತು, ಊರಿನ ಬಸ್ಸು ತಪ್ಪುತ್ತಿತ್ತು. ವೇಳಾಪಟ್ಟಿಯನ್ನು ತಿದ್ದಲು ಕಾಲು ಗಂಟೆ ಸಾಕಾಯಿತು. ಆ ಸಾಲಿನ ಮಕ್ಕಳಾದರೋ ಸಂಧಿಯನ್ನರಿಯದೆಯೇ ಮುಂದಿನ ತರಗತಿಗೆ ಹೋಗಿದ್ದರು.