ಅಂಜಿದವನ ಕೈಗೆ ಬಂದ ಗೊಂಬೆ

ಭಯವು ರಸವಾಗುವ ಬಗೆಯನ್ನು ವಿವರಿಸುವಾಗ ಅಭಿನವಗುಪ್ತನು ರಾಕ್ಷಸನನ್ನಾಗಲಿ ಸ್ಮಶಾನವನ್ನಾಗಲಿ ಉದಾಹರಣೆಗೆ ತೆಗೆದುಕೊಳ್ಳಲಿಲ್ಲ. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ, ಕೊರಳು ಹೊರಳಿಸಿ ಹಿಂದೆ ನೋಡುತ್ತ ಓಡುವ ಜಿಂಕೆಯನ್ನು ತೆಗೆದುಕೊಂಡನು. ನಮಗೆ ನಾಯಕನಾದವನೇ ಆ ಜಿಂಕೆಗೆ ಯಮನಲ್ಲವೆ? ಯಾರು ರಾಕ್ಷಸ ಎಂಬುದು, ಕಥೆಯನ್ನು ಯಾರ ಕಣ್ಣಿನಿಂದ ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಈ ಪಾಠ ಬಂದಾಗ ನಾನು ಅಮೇರಿಕದ ಚಿತ್ರಕಥೆಗಾರ ಡಾನ್ ಮ್ಯಾನ್ಸಿನಿಯ ಮಾತೆತ್ತುವುದುಂಟು. ಗೋಕಾಕ ಫಾಲ್ಸಿನಿಂದ ತರಗತಿಗೆ ಬರುವ ಹುಡುಗರಿಗೆ, ಮೊಬೈಲಿನ ದಯೆಯಿಂದ, ಅವನ ‘ಚಕ್ಕಿ’ ನನಗಿಂತ ಮೊದಲೇ ಪರಿಚಿತ. ಗೋಕಾಕದ ಬಣ್ಣದ ಮರದ ಗೊಂಬೆಗಳನ್ನು ಕಂಡು ಬೆಳೆದ ನನಗೆ ಚೂರಿ ಹಿಡಿದ ಗೊಂಬೆ ಮೊದಮೊದಲು ರುಚಿಸಲಿಲ್ಲ.

ಮ್ಯಾನ್ಸಿನಿ ಹುಟ್ಟಿದ್ದು 1963ರಲ್ಲಿ. ತಾನು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡವನು. ಲಾಸ್ ಏಂಜಲಿಸ್ಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆದ ಕಥೆಯೇ 1988ರಲ್ಲಿ ‘ಚೈಲ್ಡ್ಸ್ ಪ್ಲೇ’ ಚಿತ್ರವಾಯಿತು. ದಿಗ್ದರ್ಶನ ಟಾಮ್ ಹಾಲೆಂಡನದು. ಕೊಲೆಗಾರನೊಬ್ಬನ ಆತ್ಮ ಅಂಗಡಿಯ ಆಟಿಕೆಯನ್ನು ಹೊಗುತ್ತದೆ. ಹುಡುಗ ನಿಜ ಹೇಳಿದರೆ ದೊಡ್ಡವರು ನಂಬುವುದಿಲ್ಲ. ಚಿತ್ರದ ನಿಜವಾದ ಭಯ ಆ ಚೂರಿಯಲ್ಲಿಲ್ಲ, ಈ ಅಪನಂಬಿಕೆಯಲ್ಲಿದೆ. ಮುಂದಿನ ಎರಡು ಚಿತ್ರಗಳು ವ್ಯಾಪಾರದ ಮಾತು, ಬಿಡೋಣ. 2004ರಲ್ಲಿ ಮ್ಯಾನ್ಸಿನಿ ತಾನೇ ದಿಗ್ದರ್ಶಕನಾಗಿ ‘ಸೀಡ್ ಆಫ್ ಚಕ್ಕಿ’ ತೆಗೆದ. ಅದರಲ್ಲಿ ಗೊಂಬೆ ದಂಪತಿಗಳಿಗೊಂದು ಮಗು. ಅದು ಗಂಡೊ ಹೆಣ್ಣೊ ಎಂದು ತಂದೆತಾಯಿ ಜಗಳಾಡುತ್ತಾರೆ. ಮಗುವನ್ನು ಕಾಡುವುದು ಅಪ್ಪ ಮಾಡುವ ಕೊಲೆ. ರಕ್ತದ ಓಕುಳಿ ಅತಿಯಾಯಿತು, ನಿಜ. ಆದರೆ ಯಾವುದಕ್ಕೆ ಹೇಸಬೇಕು ಎಂಬ ಪ್ರಶ್ನೆಯನ್ನು ಈ ಅಗ್ಗದ ಚಿತ್ರ ನಮ್ಮ ಅನೇಕ ಗಂಭೀರ ಕಾದಂಬರಿಗಳಿಗಿಂತ ನೇರವಾಗಿ ಕೇಳಿತು.

2021ರಿಂದ 2024ರವರೆಗೆ ಮೂರು ಭಾಗಗಳಲ್ಲಿ ಬಂದ ‘ಚಕ್ಕಿ’ ಧಾರಾವಾಹಿಯ ನಾಯಕ ಜೇಕ್, ಹದಿನಾಲ್ಕರ ಸಲಿಂಗಿ ಹುಡುಗ. ತಂದೆ ಅವನನ್ನು ಸಹಿಸಲಾರ. ಶಾಲೆಯಲ್ಲಿ ಲೆಕ್ಸಿ ಎಂಬ ಹುಡುಗಿ ಅಣಕಿಸುತ್ತಾಳೆ. ಅವನ ಒಳಗನ್ನು ಅರಿತು ಮಾತನಾಡಿಸುವುದು ಗೊಂಬೆಯೊಂದೇ. ತನ್ನ ಮಗುವೂ ಗಂಡು ಹೆಣ್ಣೆಂಬ ಒಂದೇ ಕಟ್ಟಿಗೆ ಸಿಕ್ಕದ್ದು, ಅದನ್ನು ಒಪ್ಪದಿರಲು ತಾನೇನು ರಾಕ್ಷಸನೆ ಎನ್ನುತ್ತದೆ ಆ ಕೊಲೆಗಡುಕ ಗೊಂಬೆ! ಬೆನ್ನಿಗೇ ಚೂರಿಯನ್ನೂ ನೀಡುತ್ತದೆ: ಅಣಕಿಸಿದವಳನ್ನು ಕೊಲ್ಲು.

ಇಷ್ಟು ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಅಷ್ಟು ಕಾಡಿದ ಮ್ಯಾಲೆ ಕೊಂದ್ರ ತಪ್ಪೇನ್ರಿ ಸರ?” ನಡಿಗೆಯ ಸಲುವಾಗಿ ದಿನವೂ ಅಣಕಿಸಿಕೊಳ್ಳುವ ಹುಡುಗ ಅವನು. ನಮ್ಮ ಸೀಮೆಯಲ್ಲಿ ಎಲ್ಲಮ್ಮನ ಜೋಗಪ್ಪ ಕೊಡ ಹೊತ್ತು ಬಾಗಿಲಿಗೆ ಬಂದರೆ ಕೈಮುಗಿದು ಕಾಳು ನೀಡುತ್ತೇವೆ. ಅದೇ ಬಳುಕು ಮನೆಯ ಮಗನಲ್ಲಿ ಕಂಡರೆ ಬಡಿಗೆ ಹುಡುಕುತ್ತೇವೆ. ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಆ ತೀರ್ಪು ಹಿಂದಿನ ಬೆಂಚಿನವರೆಗೆ ಬಂದಿಲ್ಲ.

ತಪ್ಪು ಎಂದೆ. ಆದರೆ ಆ ಮಾತನ್ನು ನೊಂದವನೊಬ್ಬನಿಗೇ ಹೇಳಿ ಸುಮ್ಮನಾಗುವುದು ಅರ್ಧ ಧರ್ಮ. ಶಾಕುಂತಲದ ಜಿಂಕೆ ಬದುಕಿದ್ದು ತನ್ನ ಓಟದಿಂದಲ್ಲ. ಇದು ಆಶ್ರಮದ ಮೃಗ, ಕೊಲ್ಲಬೇಡ ಎಂದು ವೈಖಾನಸನು ರಾಜನ ಬಾಣಕ್ಕೆ ಅಡ್ಡ ನಿಂತನು. ರಾಜನು ಬಾಣವನ್ನು ಹಿಂದಕ್ಕೆ ತೆಗೆದುಕೊಂಡನು. ಜೇಕನ ಊರಿನಲ್ಲಿ ಹಾಗೆ ಅಡ್ಡ ನಿಲ್ಲುವವರಿರಲಿಲ್ಲ. ಆ ತೆರವಿಗೆ ಗೊಂಬೆ ಬಂದು ಕುಳಿತಿತು. ಇಷ್ಟಾದರೂ ಮ್ಯಾನ್ಸಿನಿ ಅವನಿಗೆ ಕೊಲ್ಲುವ ಹಕ್ಕು ಬರೆದುಕೊಡುವುದಿಲ್ಲ. ಜೇಕ್ ಒಂದು ಗಳಿಗೆ ಗೊಂಬೆಯ ಮಾತಿಗೆ ಸೋಲುತ್ತಾನೆ, ಆದರೆ ಅವಳ ಮೇಲೆ ಕೈ ಏಳುವುದಿಲ್ಲ. ಮುಂದೆ ಅದೇ ಲೆಕ್ಸಿ ಅವನ ಜೊತೆ ನಿಂತು ಗೊಂಬೆಯೊಡನೆ ಹೋರಾಡುತ್ತಾಳೆ.

ಇದನ್ನು ಕೇಳಿ ತರಗತಿಯಲ್ಲಿ ಕೆಲವರು ನಕ್ಕರು. ಪ್ರಶ್ನೆ ಕೇಳಿದವನು ನಗಲಿಲ್ಲ. “ಅದು ಸಿನಿಮಾದಾಗ ರೀ ಸರ,” ಎಂದ.