ಆತ್ಮಾವಲೋಕನ: ತನ್ನ ದನಿ ತಾನೇ ಕೇಳುವುದು

ಗುಡ್ಡ ಹತ್ತಿ ಬಂದ ನಾವೆಲ್ಲರೂ ದೇವರ ಮುಂದೆ ಕೈಜೋಡಿಸಿ ಒಂದಲ್ಲ ಒಂದನ್ನು ಬೇಡಿಕೊಳ್ಳುತ್ತೇವೆ. ಮಗಳಿಗೆ ಒಳ್ಳೆಯ ಮನೆತನ ಸಿಗಲಿ, ಮಗನಿಗೆ ನೌಕರಿ ಹತ್ತಲಿ, ಈ ವರ್ಷವಾದರೂ ಮಳೆ ಹೊತ್ತಿಗೆ ಸರಿಯಾಗಿ ಬರಲಿ ಅಂತ. ಬೇಡುವುದು ತಪ್ಪಲ್ಲ. ಕಷ್ಟ ಇದ್ದವರೇ ಅಲ್ಲವೇ ಗುಡ್ಡ ಹತ್ತುವುದು? ಆದರೆ ಈ ಬೇಡಿಕೆಗಳ ನಡುವೆ ಒಂದು ಪ್ರಶ್ನೆ ಮಾತ್ರ ಬಹಳ ಅಪರೂಪ: "ನಾನು ಹೆಂಗ ಬಾಳ್ವೆ ಮಾಡಾಕತ್ತೀನಿ?"

ಊರ ಮಂದಿಯ ಗುಣದೋಷ ನಮಗೆ ಬಾಯಿಪಾಠವಾಗಿರುತ್ತದೆ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಇನ್ನೊಬ್ಬರ ಎಲೆಯ ನೊಣ ಹುಡುಕಿದರು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನೋಟವನ್ನು ಒಂದಿಷ್ಟು ತನ್ನ ಎಲೆಯ ಕಡೆಗೆ ತಿರುಗಿಸುವುದಕ್ಕೆ ಆತ್ಮಾವಲೋಕನ ಎಂದು ಹೆಸರು. ಹೆಸರು ದೊಡ್ಡದು, ಕೆಲಸ ಮಾತ್ರ ಅಂಗಳದ ಕಸ ಗುಡಿಸಿದ ಹಾಗೆ ದಿನನಿತ್ಯದ್ದು.

ಈ ಕೆಲಸ ಹೇಗಿರುತ್ತದೆ ಎಂದು ತಿಳಿಯಲು ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳವನ್ನು ನೆನೆಯಬೇಕು. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ ಅವರ ಊರು ಅದು. 1886ರಲ್ಲಿ ಜನಿಸಿದ ಅವರು ಉಸ್ತಾದ ಅಬ್ದುಲ್ ಕರೀಂ ಖಾನರ ಶಿಷ್ಯರು. ಹುಟ್ಟಿನಿಂದ ಬಂದ ದನಿ ಅಷ್ಟೊಂದು ಒಗ್ಗುವಂಥದ್ದಾಗಿರಲಿಲ್ಲ. ಅದನ್ನು ಪಳಗಿಸಿದ್ದು ವರ್ಷಗಟ್ಟಲೆ ಮಾಡಿದ ಸಾಧನೆ. ಮುಂದೆ ಭೀಮಸೇನ ಜೋಶಿಯವರು ಇದೇ ಕುಂದಗೋಳದಲ್ಲಿ ಗುರುಗಳ ಮನೆಗೆಲಸ ಮಾಡುತ್ತ ಕಲಿತರು. ಗಂಗೂಬಾಯಿ ಹಾನಗಲ್ಲರು 1930ರ ದಶಕದ ಕೊನೆಯ ಹೊತ್ತಿಗೆ ಹುಬ್ಬಳ್ಳಿಯಿಂದ ರೈಲು ಹತ್ತಿ, ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು, ರಾತ್ರಿ ರೈಲಿಗೆ ಮರಳುತ್ತಿದ್ದರು. ಅವರನ್ನು ಸ್ಟೇಶನ್ನಿನವರೆಗೆ ಬಿಟ್ಟು ಬರುತ್ತಿದ್ದವರು ಆಗಿನ್ನೂ ಹುಡುಗರಾಗಿದ್ದ ಭೀಮಸೇನರು. ಪಾಠ ಅಂದರೆ ದಿನಕ್ಕೊಂದು ಹೊಸ ಹಾಡು ಅಂತ ತಿಳಿಯಬೇಡಿ. ಒಂದೇ ಸ್ವರಗುಚ್ಛ, ಅದೇ ಅದೇ, ತಪ್ಪು ಹೋಗಿ ಸರಿ ಕೂಡುವವರೆಗೆ.

ಇಲ್ಲಿ ನಮಗೆ ಬೇಕಾದ ಸಂಗತಿ ಏನೆಂದರೆ, ಹಾಡುವವರು ಬಾಯಿ ತೆರೆಯುವಷ್ಟೇ ಕಿವಿಯನ್ನೂ ತೆರೆದಿರಬೇಕು. ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳದವನ ಸ್ವರ ಎಂದೂ ಸುಧಾರಿಸುವುದಿಲ್ಲ. ಆದರೆ ಬರೀ ತನ್ನ ಕಿವಿಯನ್ನೇ ನಂಬಿದರೂ ಸಾಲದು. ಅದಕ್ಕೇ ಹಿಂದೆ ತಂಬೂರಿ ಇರುತ್ತದೆ. ಹಾಡುವವರ ಮನಸ್ಸಿಗೆ ಬಂದ ಹಾಗೆ ತಂಬೂರಿ ತನ್ನ ಶ್ರುತಿ ಬದಲಿಸುವುದಿಲ್ಲ; ಹಾಡುವವರೇ ಅದಕ್ಕೆ ಕೂಡಬೇಕು. ಮುಂದೆ ಗುರುಗಳು ಕುಳಿತಿರುತ್ತಾರೆ. ತನ್ನ ಕಿವಿ, ತಂಬೂರಿಯ ಶ್ರುತಿ, ಗುರುವಿನ ಮಾತು, ಈ ಮೂರೂ ಕೂಡಿದಲ್ಲಿ ದೋಷ ಅಡಗಿ ಕೂಡ್ರಲಾರದು.

ಬಾಳಿನಲ್ಲಿಯೂ ಇದೇ ಮಾತು. ತನ್ನನ್ನು ತಾನು ವಿಚಾರಣೆ ಮಾಡಿಕೊಳ್ಳುವುದರಲ್ಲಿ ಒಂದು ದೊಡ್ಡ ತೊಡಕಿದೆ: ಕಳ್ಳನೂ ತಾನೇ, ಪೊಲೀಸನೂ ತಾನೇ. ಹೀಗಿದ್ದಾಗ ಕೇಸು ಖುಲಾಸೆ ಆಗದೇ ಇನ್ನೇನು? "ನಾನು ಸಿಟ್ಟು ಮಾಡಿದ್ದು ಖರೆ, ಆದ್ರ ಅವ ಹಂಗ ಮಾತಾಡಬಾರದಿತ್ತು" ಅಂತ ಒಂದೇ ಉಸಿರಿನಲ್ಲಿ ಒಪ್ಪಿಗೆಯೂ ಬಿಡುಗಡೆಯೂ ಆಗಿಬಿಡುತ್ತದೆ. ಆದ್ದರಿಂದ ಸಂಸಾರಸ್ಥರಿಗೂ ಒಂದು ತಂಬೂರಿ ಬೇಕು. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ದಿನಾ ನಮ್ಮ ಜೋಡಿ ಉಣ್ಣುವವರು, ನಮ್ಮ ಹೊಲದಲ್ಲಿ ಕೂಲಿ ಮಾಡುವವರು, ನಮ್ಮ ಅಂಗಡಿಗೆ ಬರುವವರು, ಇವರೇ ನಮ್ಮ ಶ್ರುತಿ. ನಾವು ಒಳಗೆ ಕಾಲಿಟ್ಟ ಕೂಡಲೇ ಮಕ್ಕಳ ನಗೆ ನಿಲ್ಲುತ್ತಿದ್ದರೆ, "ನಾನು ಭಾಳ ಸಮಾಧಾನದ ಮನುಷ್ಯಾ" ಎಂಬ ನಮ್ಮ ನಂಬಿಕೆ ಎಲ್ಲೋ ಶ್ರುತಿ ತಪ್ಪಿದೆ ಎಂದೇ ಅರ್ಥ.

ಕುಂದಗೋಳ ತಾಲೂಕಿನದೇ ಇನ್ನೊಂದು ಊರು ಕಳಸ. ಅಲ್ಲಿಯ ಗೋವಿಂದ ಭಟ್ಟರು ಶಿಶುನಾಳದ ಶರೀಫರಿಗೆ (1819–1889) ಗುರುವಾದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಆ ಕಾಲದಲ್ಲಿ ಜನ ಆಡಿಕೊಳ್ಳಲು ಇಷ್ಟು ಸಾಕಿತ್ತು. ಶರೀಫರು ಮಾತ್ರ ಬಿತ್ತುವ ಹೊಲ, ಸೋರುವ ಮಾಳಿಗೆ, ಬೀಸುವ ಕಲ್ಲು ಹೀಗೆ ಕಣ್ಣಿಗೆ ಬಿದ್ದ ದಿನಬಳಕೆಯ ಸಂಗತಿಗಳಲ್ಲೆಲ್ಲ ಮನುಷ್ಯನ ಮನಸ್ಸನ್ನೇ ಕಂಡರು. ನಮ್ಮ ಭಾಗದ ಮಣ್ಣಿನ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಬಿರುಕು ಯಾರಿಗೂ ಕಾಣದು. ಮಳೆ ಹೊಡೆದ ರಾತ್ರಿ ಎಲ್ಲಿ ಸೋರುತ್ತದೆ ಎಂದು ಗೊತ್ತಾಗುತ್ತದೆ. ಆದರೆ ಆ ರಾತ್ರಿ ಮೇಲೆ ಹತ್ತಿ ಮಣ್ಣು ಹಾಕಲಾಗದು. ಸೋರಿದ ಜಾಗ ನೆನಪಿಟ್ಟುಕೊಂಡು ಬಿಸಿಲು ಬಿದ್ದಾಗ ಹಾಕಬೇಕು. ಸಿಟ್ಟು, ಆಸೆ, ಹೊಟ್ಟೆಕಿಚ್ಚು ಬಂದ ಗಳಿಗೆಯೂ ಹಾಗೆಯೇ. ಆ ಗಳಿಗೆಯಲ್ಲಿ ರಿಪೇರಿ ಕಠಿಣ. ಮನಸ್ಸು ತಣ್ಣಗಿದ್ದಾಗ ಕೂತು, "ಎಲ್ಲಿ ಸೋರಿತು?" ಎಂದು ನೋಡಿದವನು ಮುಂದಿನ ಮಳೆಗೆ ತಯಾರಾಗಿರುತ್ತಾನೆ.

"ನಮಗೆಲ್ಲಿ ಹೊತ್ತೈತ್ರೀ? ದುಡಿದು ಉಣ್ಣೋ ಮಂದಿ ನಾವು" ಎಂದು ಕೆಲವರು ಕೇಳಬಹುದು. ಮಾತು ನಿಜ. ಆದರೆ ಇದಕ್ಕೆ ಕಾಡು, ಗವಿ ಬೇಕಾಗಿಲ್ಲ. ರಾತ್ರಿ ಹಾಸಿಗೆಗೆ ಬಂದ ಮೇಲೆ ಐದು ನಿಮಿಷ ಸಾಕು. ಇವತ್ತು ಯಾರ ಮನಸ್ಸು ನನ್ನಿಂದ ನೊಂದಿತು? ಯಾರಿಗೆ ಸಲ್ಲಬೇಕಾದದ್ದು ನನ್ನ ಹತ್ತಿರವೇ ಉಳಿಯಿತು? ನಾಳೆ ಇದರಲ್ಲಿ ಒಂದನ್ನಾದರೂ ಹೇಗೆ ಸರಿ ಮಾಡಲಿ? ಮೂರನೆಯ ಪ್ರಶ್ನೆಯನ್ನು ಬಿಡಬಾರದು. ಅದನ್ನು ಬಿಟ್ಟರೆ ಮೊದಲಿನ ಎರಡು ಪ್ರಶ್ನೆಗಳು ಬರೀ ಕೊರಗಾಗುತ್ತವೆ. ಕೊರಗುವವನು ಕೂಡ ಕೊನೆಗೆ ತನ್ನ ವಿಷಯವನ್ನೇ ಯೋಚಿಸುತ್ತಿರುತ್ತಾನೆ. ನೊಂದವರು ಇದ್ದಲ್ಲಿಯೇ ಇರುತ್ತಾರೆ. ಸ್ವರ ತಪ್ಪಿದಾಗ ಹಾಡುವವರು ಅಳುತ್ತ ಕೂಡ್ರುವುದಿಲ್ಲ, ಮತ್ತೆ ಷಡ್ಜ ಹಿಡಿಯುತ್ತಾರೆ. ಹಾಗೆಯೇ ಕಂಡ ಒಳ್ಳೆಯದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿನ್ನೆ ಬಂದ ಸಿಟ್ಟು ಇವತ್ತು ಅರ್ಧಕ್ಕೆ ನಿಂತಿದ್ದರೆ ಅದೂ ಸಾಧನೆಯೇ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಹೊಲದ ಬದುವಿಗಾಗಿ ಜಗಳಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಯಾವ ಊರಿನಲ್ಲಿಲ್ಲ ಹೇಳ್ರಿ? ಅಣ್ಣ ಬಂದು ಗುಡ್ಡದ ಮೇಲೆ ಕಾಯಿ ಒಡೆಸುತ್ತಾನೆ. ತಮ್ಮನೂ ಬೇರೆ ದಿನ ಬಂದು ಒಡೆಸುತ್ತಾನೆ. ಇಬ್ಬರೂ ಒಬ್ಬನೇ ದೇವರ ಎದುರಿಗೆ ನಿಂತು, ಇಬ್ಬರೂ "ನನಗ ನ್ಯಾಯ ಕೊಡಪಾ" ಎನ್ನುತ್ತಾರೆ. ದೇವರು ಯಾರ ಕಡೆ ಆಗಬೇಕು? ತಮ್ಮನ ಪಾಲಿನ ಎರಡು ಸಾಲು ಒತ್ತಿಕೊಂಡದ್ದು ಅಣ್ಣನ ಮನಸ್ಸಿಗೆ ಗೊತ್ತಿದ್ದರೆ, ಗುಡ್ಡದ ಮೆಟ್ಟಿಲು ಎಷ್ಟು ಹತ್ತಿದರೂ ಆ ಎರಡು ಸಾಲು ಹಿಂದಕ್ಕೆ ಹೋಗುವುದಿಲ್ಲ. ಕಾಣಿಕೆ ದೇವರಿಗೆ ಮುಟ್ಟಬಹುದು. ತಮ್ಮನ ಋಣ ತಮ್ಮನಿಗೇ ಮುಟ್ಟಬೇಕು. ಹಾಗಾದರೆ ಗುಡ್ಡಕ್ಕೆ ಬಂದದ್ದು ವ್ಯರ್ಥವೇ? ಖಂಡಿತ ಅಲ್ಲ. ಊರಲ್ಲಿ ಅಣ್ಣನ ಸುತ್ತ ಅವನ ಪರ ಮಾತಾಡುವವರೇ ಇರುತ್ತಾರೆ. ಇಲ್ಲಿ ಏದುಸಿರು ಬಿಟ್ಟು ಕಟ್ಟೆಯ ಮೇಲೆ ಕೂತಾಗ ಪರ ಹೇಳುವವರೂ ಇಲ್ಲ, ವಿರೋಧ ಹೇಳುವವರೂ ಇಲ್ಲ. ಕೆಳಗೆ ನೋಡಿದರೆ ಹೊಲಗಳ ಬದುಗಳೆಲ್ಲ ಗೆರೆ ಎಳೆದಷ್ಟು ಸಣ್ಣಗೆ ಕಾಣುತ್ತವೆ. ತನ್ನ ದನಿ ತನಗೆ ಕೇಳಿಸಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ಆದ್ದರಿಂದ ಭಕ್ತ ಬಾಂಧವರೇ, ದರ್ಶನ ಮುಗಿಸಿದ ಕೂಡಲೇ ಬಸ್ಸಿನ ಚಿಂತೆಗೆ ಬೀಳದೇ ಒಂದಿಷ್ಟು ಹೊತ್ತು ಸುಮ್ಮನೆ ಕೂಡ್ರಿ. ಮಾತು ಬಿಟ್ಟವರ ಪೈಕಿ ಒಬ್ಬರ ಮುಖವನ್ನು ನೆನಪಿಗೆ ತಂದುಕೊಳ್ಳಿ. ಅವರದೇನು ತಪ್ಪು ಎಂಬುದು ನಿಮಗೆ ಈಗಾಗಲೇ ಗೊತ್ತಿದೆ, ಅದನ್ನು ಬದಿಗಿಡಿ. ನಿಮ್ಮದು ಎಷ್ಟು ಎಂದು ನೋಡಿ. ಸಿಕ್ಕ ಉತ್ತರವನ್ನು ಯಾರಿಗೂ ಹೇಳಬೇಕಾಗಿಲ್ಲ. ಊರಿಗೆ ಮರಳಿದಾಗ ಪ್ರಸಾದದ ಒಂದು ಪೊಟ್ಟಣ ಹೆಚ್ಚಿಗೆ ಒಯ್ಯಿರಿ, ಅವರ ಮನೆಗೆ. ಅವರು ತಗೊಳ್ಳಬಹುದು, ತಗೊಳ್ಳದೇ ಇರಬಹುದು. ಬಾಗಿಲ ತನಕ ಹೋಗುವುದಂತೂ ನಿಮ್ಮ ಕೈಯಲ್ಲೇ ಇದೆ.